ಇಲಿಗಳ ಕೋಣೆಯಲ್ಲಿ ನಿನ್ನ ನಶ್ಯದ ಡಬ್ಬಿ

ದೊಡ್ಡಮ್ಮನಿಗೆ ನಮಸ್ಕಾರ. ನೀನು ಕೊಟ್ಟು ಕಳಿಸಿದ ನಶ್ಯದಿಂದ ನನ್ನ ಕೆಲಸಕ್ಕೇ ಸಂಚಕಾರ ಬಂದಿತ್ತು. ನಾನು ನೋಡಿಕೊಳ್ಳೋ ಇಲಿಗಳಿಗೆ ಈ ಪ್ರಯೋಗಾಲಯದಲ್ಲಿ ಹುಚ್ಚು ಹುರುಪಿನ ಮಾದಕ ಮದ್ದು ಕೊಡ್ತಾರೆ. ಅದೊಂದನ್ನೇ ಕೊಟ್ಟ ಇಲಿಗಳು ನಿದ್ದೆ ಬಿಟ್ಟು ಗಿರಗಿರ ಸುತ್ತಿ ಮೆದುಳು ಕೆಡಿಸಿಕೊಳ್ತವೆ. ಮೊದಲೇ ಇನ್ನೊಂದು ಔಷಧಿ ಕೊಟ್ಟರೆ ಮೆದುಳು ಉಳಿಯುತ್ತಂತೆ. ಮೆದುಳಲ್ಲಿ ಹೊಗೆಸೊಪ್ಪಿನ ನಿಕೋಟಿನ್ ಬಡಿಯೋ ಬಾಗಿಲಿಗೇ ಅದು ಚಿಲಕ ಹಾಕುತ್ತಂತೆ. ಅದಕ್ಕೇ ಈ ಕೋಣೆಗೆ ಹೊಗೆಸೊಪ್ಪಿನ ಧೂಳೂ ಸೋಕಬಾರದು.

ಕೆಲಸಕ್ಕೆ ಸೇರುವಾಗ ಪ್ರಯೋಗ ನಡೆಸೋ ಮೇಡಂ, "ಹೊಗೆ ಸೇದ್ತೀಯಾ?" ಅಂತ ಕೇಳಿದ್ದರು. ಇಲ್ಲ ಅಂದಿದ್ದೆ. ಮೊನ್ನೆ ನಶ್ಯ ಏರಿಸಿ ಬಂದವನು ಬೋನಿನ ಮೇಲೇ ಸೀನಿಬಿಟ್ಟೆ. ಆ ನಾಲ್ಕು ಇಲಿಗಳನ್ನು ಪ್ರಯೋಗದಿಂದಲೇ ತೆಗೆದರು.

ಮೇಡಂ ಡಬ್ಬಿ ಕಿತ್ತುಕೊಂಡು, "ಇದೇನು?" ಅಂದರು.

"ನಶ್ಯ ಮೇಡಂ. ಇದರಲ್ಲಿ ಹೊಗೆ ಬರಲ್ಲ."

ಪರೀಕ್ಷೆ ಮಾಡ್ತೀನಿ ಅಂತ ಒಂದು ಚಿಟಿಕೆ ಏರಿಸಿದವರು ಒಂಬತ್ತು ಸಲ ಸೀನಿದರು. ಮೂರು ವರ್ಷದಿಂದ ಕಟ್ಟಿದ್ದ ಮೂಗು ಬಿಟ್ಟಿತಂತೆ. ನನ್ನ ಕೆಲಸ ಉಳಿಯಿತು.

ನಾನು ಚಟ ಬಿಟ್ಟಿದ್ದೇನೆ, ಹಸಿವು ಚೆನ್ನಾಗಿದೆ. ಈಗ ಇಲಿಗಳ ಕೋಣೆಗೆ ಕಾಲಿಡುವ ಹಾಗಿಲ್ಲದವರು ಮೇಡಂ. ಕಾರ್ಡಲ್ಲಿ ಜಾಗ ಮುಗಿಯಿತು. ಇನ್ನೊಂದು ಡಬ್ಬಿ ಬೇಗ ಕಳಿಸು, ನನಗಲ್ಲ.

ನಿನ್ನ ತಂಗಿಯ ಮಗ