ಹನ್ನಾ ಅಜ್ಜಿಯ ಇಪ್ಪತ್ತೊಂಬತ್ತು ಅರ್ಥಗಳು

ಥಾರ್ನ್‌ಬೆಕ್, ವೆನ್ಸ್ಲಿಡೇಲ್
ಮಂಗಳವಾರ, 21 ಏಪ್ರಿಲ್ 1896

ಪ್ರೀತಿಯ ತಮ್ಮ ಆಂಬ್ರೋಸ್,

‘ಪ್ರೀತಿಯ’ ಎಂದು ಒಮ್ಮೆ ಬರೆದು ಹೊಡೆದುಹಾಕಿದ್ದೆ. ಆಮೇಲೆ ಇನ್ನೊಂದು ಹಾಳೆ ತೆಗೆದು ಮತ್ತೆ ಬರೆದಿದ್ದೇನೆ. ಅಭ್ಯಾಸಬಲ, ನೀನು ಅದನ್ನು ನೋಡಿ ಹಿಗ್ಗಬೇಕಾಗಿಲ್ಲ. ನಿನ್ನ ಕೆಮ್ಮು ಹೇಗಿದೆ? ಲೀಡ್ಸ್‌ನ ಆ ಹೊಗೆಯಲ್ಲಿ ಅದು ಎಲ್ಲಿ ಕಡಿಮೆಯಾಗುತ್ತದೆ. ಕ್ರಿಸ್‌ಮಸ್‌ಗೆ ಹೆಣೆದು ಕಳಿಸಿದ ಉಣ್ಣೆಯ ಒಳಂಗಿ ಚುಚ್ಚುತ್ತದೆ ಎಂದು ಪೆಟ್ಟಿಗೆಯಲ್ಲಿಟ್ಟಿರುತ್ತೀ, ನನಗೆ ಗೊತ್ತು. ತೆಗೆದು ಹಾಕಿಕೋ. ನನ್ನ ಕೋಪ ಬೇರೆ, ನಿನ್ನ ಕೆಮ್ಮು ಬೇರೆ. ನಾನು ಚೆನ್ನಾಗಿದ್ದೇನೆ, ಮೊಣಕಾಲು ಒಂದು ಬಿಟ್ಟು. ಕುರಿಗಳು ಮರಿ ಹಾಕುತ್ತಿವೆ, ಈ ಸಲ ಮೂರು ಮರಿ ಸತ್ತವು. ಹಾಲು ಕರೆದು, ಗಿಣ್ಣಿಗೆ ಹೆಪ್ಪು ಹಾಕಿ, ಅದು ಗಟ್ಟಿಯಾಗುವ ಹೊತ್ತಿಗೆ ಈ ಕಾಗದ ಮುಗಿಸೋಣವೆಂದು ಕೂತಿದ್ದೇನೆ. ಮುಗಿಯುವ ಹಾಗೆ ಕಾಣುವುದಿಲ್ಲ.

ನಿಮ್ಮ ಸಂಘದ ನಿಘಂಟಿನ ಹೊಸ ಭಾಗ ಶುಕ್ರವಾರ ಬಂತು. ನಮ್ಮ ಸೀಮೆಯ ಜನ ಆಡುವ ಮಾತುಗಳ ನಿಘಂಟು, ಅದಕ್ಕೆ ನನ್ನ ತಮ್ಮ ಸಹಸಂಪಾದಕ! ಕೈ ಒರೆಸಿಕೊಳ್ಳುವುದಕ್ಕೂ ತಾಳ್ಮೆಯಿಲ್ಲದೆ ದಾರ ಕತ್ತರಿಸಿದೆ. ನೇರವಾಗಿ ‘ಸೆಟ್’ ಇರುವ ಪುಟಕ್ಕೇ ಹೋದೆ. ಆರು ವರ್ಷದ ಹಿಂದೆ ನೀನು ಬರೆದದ್ದು ನೆನಪಿದೆಯೋ ಇಲ್ಲವೋ. ‘ಅಕ್ಕಾ, ಎಲ್ಲರಿಗೂ ಅಪರೂಪದ ಮಾತು ಕಳಿಸಿ ಅಂತ ಹೇಳಿ ಕೆಟ್ಟೆವು. ಯಾರೂ ಕೇಳದ ಮಾತುಗಳು ಮೂಟೆಗಟ್ಟಲೆ ಬಂದಿವೆ. ಸೆಟ್ ಅನ್ನೋ ಮಾತಿಗೆ ಇಡೀ ಸೀಮೆಯಿಂದ ನಾಲ್ಕೇ ಚೀಟಿ. ದಿನಾ ಬಾಯಲ್ಲಿ ಆಡೋದು ತಾನೇ ಅಂತ ಯಾರೂ ಬರೆದಿಲ್ಲ. ನೀನೇ ಕಾಪಾಡಬೇಕು.’ ಇಷ್ಟೆಲ್ಲ ಓದಿದ ಗಂಡಸರು ಸೇರಿ ಮಾಡಿದ ಎಡವಟ್ಟು ನೋಡು ಎಂದು ನಾನು ಆಗ ನಕ್ಕಿದ್ದೆ. ನಕ್ಕು, ಚೀಟಿ ಕತ್ತರಿಸಿಕೊಂಡು ಹನ್ನಾ ಅಜ್ಜಿಯ ಮನೆಗೆ ಹೋದೆ.

ಹನ್ನಾ ಆಲ್ಡರ್‌ಸನ್ ಯಾರೆಂದು ನಿನಗೆ ನಾನು ಹೇಳಬೇಕಾದ ಕಾಲ ಬಂತಲ್ಲ. ಅಮ್ಮ ಸತ್ತಾಗ ನಿನಗೆ ಎರಡು ವರ್ಷ, ನನಗೆ ಹದಿನಾಲ್ಕು. ನೀನು ಓಟ್ಸ್ ರೊಟ್ಟಿ ನುಂಗಲು ಕಲಿತದ್ದು ಪಕ್ಕದ ಮನೆಯ ಅವಳ ತೊಡೆಯ ಮೇಲೆ. ಅವಳಿಗೆ ಓದು ಬರಹ ಬರುವುದಿಲ್ಲ. ಆದರೆ ಆ ಒಂದು ಪುಟ್ಟ ಮಾತನ್ನು ಅವಳ ಮುಂದಿಟ್ಟರೆ ಸಾಕು, ಬೆಳಗಿನ ಕೆಲಸದಿಂದ ಹಿಡಿದು ಸಾಯುವ ತನಕದ್ದೆಲ್ಲ ಅದರಲ್ಲೇ ಹೇಳುತ್ತಿದ್ದಳು. ಹಾಲು ಹೆಪ್ಪುಗಟ್ಟಿದರೂ ಸೆಟ್, ಕೋಳಿ ಕಾವಿಗೆ ಕೂತರೂ ಸೆಟ್, ಮುರಿದ ಮೂಳೆ ಕೂಡಿಸಿದರೂ ಸೆಟ್, ನೆಡುವ ಈರುಳ್ಳಿ ಗೆಡ್ಡೆಯೂ ಸೆಟ್. ಬಟ್ಟೆ ಕುದಿಸುವ ಒಲೆಹಂಡೆಗೆ ಅದೇ, ಊಟಕ್ಕೆ ಮೇಜು ಅಣಿ ಮಾಡುವುದಕ್ಕೆ ಅದೇ, ಕುಡುಗೋಲಿಗೆ ಸಾಣೆ ಹಿಡಿಯುವುದಕ್ಕೂ ಅದೇ. ಒಬ್ಬರ ಮೇಲೆ ಗೌರವ ಇಟ್ಟುಕೊಂಡರೂ ಅದೇ. ತಾಯಿ ಸತ್ತ ಮರಿಗೆ ಬೇರೆ ಸತ್ತ ಮರಿಯ ಚರ್ಮ ತೊಡಿಸಿ, ಆ ಸತ್ತ ಮರಿಯ ತಾಯಿಯನ್ನು ನಂಬಿಸಿ ಹಾಲೂಡಿಸುತ್ತೇವಲ್ಲ, ಅದಕ್ಕೂ. ಗಂಡ ತೀರಿಕೊಂಡಾಗ ಅವನ ಮುಖ ಬಿಗಿದುಕೊಂಡದ್ದಕ್ಕೂ ಅದನ್ನೇ ಹೇಳಿ, ‘ಅದನ್ನೂ ಬರ್ಕೋ’ ಎಂದಳು. ನೀನು ಕಲಿಸಿದ ಹಾಗೆಯೇ ಬರೆದೆ. ಚೀಟಿಯ ತಲೆಯ ಮೇಲೆ ಮಾತು, ನಡುವೆ ಅವಳು ಆಡಿದ ವಾಕ್ಯ, ಕೆಳಗೆ ಆಡಿದವರ ಹೆಸರು, ಊರು. ಪ್ರತಿ ಚೀಟಿಯ ಕೆಳಗೂ ಹನ್ನಾ ಆಲ್ಡರ್‌ಸನ್, ಥಾರ್ನ್‌ಬೆಕ್. ‘ನನ್ ಹೆಸರು ಪುಸ್ತಕದಲ್ಲಿ ಬರುತ್ತೇನೇ?’ ಎಂದು ಕೇಳಿದ್ದಳು. ಬರುತ್ತದೆ ಎಂದು ನೀನು ಬರೆದೆ, ನಾನು ಅವಳಿಗೆ ಹೇಳಿದೆ. ಆರು ವರ್ಷ ಪ್ರತಿ ವಾರ ಅವಳು ‘ಅಂಚೆಯವ್ನು ಬಂದ್ನಾ?’ ಎನ್ನುತ್ತಿದ್ದಳು. ಈಗ ಅವಳಿಗೆ ಎಂಬತ್ತಾರು.

ಎರಡೂವರೆ ಪುಟ ಇದೆ, ಆಂಬ್ರೋಸ್. ಮೂವತ್ತೆಂಟು ಅರ್ಥ. ಅದರಲ್ಲಿ ಇಪ್ಪತ್ತೊಂಬತ್ತು ಅವಳವು, ನಾನು ಬೆರಳಿಟ್ಟು ಎಣಿಸಿದೆ. ಅವಳ ವಾಕ್ಯಗಳು ಒಂದಕ್ಷರ ಬದಲಾಗದೆ ಇವೆ. ಒಂದೊಂದರ ಕೆಳಗೂ ‘ಪಾದ್ರಿ ಎಫ್. ಕ್ರಾಂಪ್ಟನ್’! ಮೂರು ವರ್ಷದ ಹಿಂದೆ ದಕ್ಷಿಣದಿಂದ ಬಂದ ಆ ಪಾದ್ರಿ! ನಾವು ಅವನ ಚರ್ಚಿಗೆ ಹೋಗದ ಚಾಪೆಲ್‌ನವರು ಎಂದು ನಮ್ಮ ಬಾಗಿಲಿನ ಮುಂದೆ ಟೋಪಿ ಮುಟ್ಟಿ ವಂದಿಸುವುದಕ್ಕೂ ಕೈ ನೋವು ಬರುವ ಆ ಮನುಷ್ಯ ಬಟ್ಟೆ ಕುದಿಸುವ ಹಂಡೆ ಕಂಡಿದ್ದಾನೆಯೇ? ಮರಿಯ ಚರ್ಮ ಸುಲಿದಿದ್ದಾನೆಯೇ? ಪುಸ್ತಕದ ಜೊತೆ ನಿನ್ನ ನಾಲ್ಕು ಸಾಲಿನ ಚೀಟಿ ಬೇರೆ. ‘ಅಕ್ಕಾ, ಬೇಜಾರು ಮಾಡ್ಕೋಬೇಡ, ಅಕ್ಷರ ಬಾರದವರ ಹೆಸರು ಹಾಕಿದರೆ ವಿದ್ವಾಂಸರು ನಂಬುವುದಿಲ್ಲ. ಆ ಊರಿಂದ ಸಂಘದ ಸದಸ್ಯರು ಅವರೊಬ್ಬರೇ. ಇದೆಲ್ಲ ಬರೀ ಪದ್ಧತಿ.’ ಬರೀ ಪದ್ಧತಿಯೋ? ಅವಳ ಮಾತಿನ ಚರ್ಮ ಸುಲಿದು ಆ ಪಾದ್ರಿಗೆ ತೊಡಿಸಿದ್ದೀ. ಜನರ ಬಾಯಿಮಾತು ಸಾಯಬಾರದು ಎಂದು ಸಂಘ ಕಟ್ಟಿ, ಆ ಬಾಯಿ ಯಾರದೆಂದು ಹೇಳುವುದಕ್ಕೆ ನಾಚಿಕೊಂಡಿರಿ. ಥೂ! ನನ್ನ ಹೆಸರು ಬೇಡ, ಅದನ್ನು ನಾನು ಯಾವತ್ತೂ ಕೇಳಿಲ್ಲ. ಆದರೆ ನನ್ನ ಮಾತಿಗೆ ಈ ಕಣಿವೆಯಲ್ಲಿ ಒಂದು ಬೆಲೆ ಇತ್ತು. ಅದನ್ನು ನೀನು ಕಳೆದೆ.

ಇನ್ನು ಮುಂದಿನದನ್ನು ಬರೆಯಲು ನನಗೇ ಅಸಹ್ಯ. ಶನಿವಾರ ಅವಳ ಮನೆಗೆ ಹೋದೆ, ನಿಜ ಹೇಳಿಬಿಡೋಣವೆಂದೇ ಹೋದೆ. ಅವಳು ಚಹಾ ಮಾಡಿ, ಮೊಸರಿನ ಸಿಹಿರೊಟ್ಟಿ ಸುಟ್ಟು, ಭಾನುವಾರದ ಬಿಳಿ ಟೋಪಿ ಹಾಕಿಕೊಂಡು ಕೂತಿದ್ದಳು. ಅಂಚೆಯವನು ಹೇಳಿಬಿಟ್ಟಿದ್ದನಂತೆ. ‘ಓದೇ, ನಿಧಾನವಾಗಿ ಓದು’ ಎಂದಳು. ಓದಿದೆ. ಅವಳ ಒಂದೊಂದು ಅರ್ಥ ಮುಗಿದಾಗಲೂ ‘ಹನ್ನಾ ಆಲ್ಡರ್‌ಸನ್, ಥಾರ್ನ್‌ಬೆಕ್’ ಎಂದೆ. ಇಪ್ಪತ್ತೊಂಬತ್ತು ಸಲ ಸುಳ್ಳು ಹೇಳಿದೆ, ಆಂಬ್ರೋಸ್. ಐವತ್ತು ದಾಟಿದ ಮೇಲೆ, ಮಕ್ಕಳಿಗೆ ಬೈಬಲ್ ಕಲಿಸುವ ಇದೇ ಬಾಯಲ್ಲಿ. ಕೊನೆಗೆ ಅವಳು ಕನ್ನಡಕ ಏರಿಸಿಕೊಂಡು, ‘ಎಲ್ಲಿದೆ, ಬೆರಳಿಟ್ಟು ತೋರ್ಸು’ ಎಂದಳು. ನಾನು ಕ್ರಾಂಪ್ಟನ್ ಎಂಬುದರ ಮೇಲೆ ಬೆರಳಿಟ್ಟೆ. ಅವಳು ತುಂಬ ಹೊತ್ತು ನೋಡಿದಳು. ‘ಪುಸ್ತಕ ಇಲ್ಲೇ ಬಿಟ್ಟು ಹೋಗು’ ಎಂದಳು. ಬಿಟ್ಟು ಬಂದೆ.

ಈಗ ಕೇಳು. ಬರುವ ಭಾನುವಾರ ಅವಳ ಮೊಮ್ಮಗಳು ಸೂಸನ್ನಾ ಬೆಡೇಲ್‌ನಿಂದ ಬರುತ್ತಾಳೆ. ಅವಳು ಅಲ್ಲಿ ಶಾಲೆಯ ಟೀಚರು, ಆ ಪುಟವನ್ನು ಒಂದೇ ಉಸಿರಿಗೆ ಓದುತ್ತಾಳೆ. ಅದಕ್ಕೆ ಮೊದಲು ನೀನು ಶನಿವಾರದ ರೈಲಿಗೆ ಬಾ. ಅಜ್ಜಿಯ ಎದುರು ಕೂತು, ನೀನು ಮಾಡಿದ್ದನ್ನು ನಿನ್ನ ಬಾಯಿಂದಲೇ ಹೇಳು. ಮುಂದಿನ ಭಾಗದಲ್ಲಿ ತಪ್ಪೊಪ್ಪು ಅಚ್ಚಾಗಬೇಕು, ಇಪ್ಪತ್ತೊಂಬತ್ತಕ್ಕೂ ಅವಳ ಹೆಸರು ಬರಬೇಕು. ವಿದ್ವಾಂಸರು ನಂಬದಿದ್ದರೆ ಬಿಡಲಿ, ಅವರಿಗೆ ಗಿಣ್ಣು ಮಾಡಲು ಬರುತ್ತದೆಯೇ? ಅದು ಅಚ್ಚಾಗುವ ತನಕ ‘ಟೇಕ್’ ಮಾತಿಗೆ ಕೂಡಿಸಿದ ಚೀಟಿಗಳು ನನ್ನ ಹಿಟ್ಟಿನ ಡಬ್ಬದಲ್ಲೇ ಇರುತ್ತವೆ. ಬೇಕಿದ್ದರೆ ನಿನ್ನ ಪಾದ್ರಿಯನ್ನೇ ಕೇಳು, ಅವನಿಗೆ ಎಷ್ಟು ಅರ್ಥ ಗೊತ್ತೋ ನೋಡೋಣ.

ದೇವರು ನಿನ್ನ ಎದೆಯನ್ನು ಕಾಯಲಿ, ಆ ಎದೆಯೊಳಗಿನದನ್ನೂ ಸ್ವಲ್ಪ ನೋಡಿಕೊಳ್ಳಲಿ. ನಿನ್ನ ಹೆಂಡತಿ ಅಗಸ್ಟಾಗೆ ನನ್ನ ನೆನಪು ಹೇಳು, ಅವಳ ಮೇಲೆ ನನಗೇನೂ ಕೋಪವಿಲ್ಲ.

ನಿನ್ನನ್ನು ಸಾಕಿದ ಅಕ್ಕ,
ಥರ್ಜಾ

ಮರೆತ ಮಾತು. ಬುಧವಾರ ಬೆಳಗ್ಗೆ. ಅಂಚೆಯವನು ಗೇಟಿನಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಸುಳ್ಳು ಹೊಟ್ಟೆಯಲ್ಲಿಟ್ಟುಕೊಂಡು ಇರಲಾಗದೆ ಈಗಷ್ಟೇ ಅಜ್ಜಿಯ ಹತ್ತಿರ ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು: ‘ಅಳ್ಬೇಡ್ವೇ. ಶನಿವಾರನೇ ಗೊತ್ತಾಯ್ತು. ಆಲ್ಡರ್‌ಸನ್ ಅನ್ನೋದು ನನ್ ಗಂಡನ ಗೋರಿಕಲ್ಲಿನ ಮೇಲೈತೆ. ನಲವತ್ತು ವರ್ಷದಿಂದ ಅದರ ಪಾಚಿ ಉಜ್ಜಿದೀನಿ, ಅದರ ಆಕಾರ ನನಗೆ ಗೊತ್ತಿಲ್ವಾ? ನೀನು ಬೆರಳಿಟ್ಟಿದ್ದು ಅದಲ್ಲ.’ ಬಯ್ಯಲಿಲ್ಲ. ಒಂದೇ ಒಂದು ಕೇಳಿದಳು. ‘ನಾನು ಮೊದಲನೇ ದಿನ ಹೇಳಿದ್ನಲ್ಲ, ಅದು ಐತಾ ನೋಡು.’ ಯಾವುದೆಂದು ನಿನಗೂ ಗೊತ್ತು. ಹೊರಟವರ ಜೊತೆ ಒಂದಿಷ್ಟು ದಾರಿ ನಡೆದು ಕಳಿಸಿಬರುವುದಕ್ಕೂ ನಮ್ಮಲ್ಲಿ ಸೆಟ್ ಎನ್ನುತ್ತೇವೆ. ಹದಿನೇಳನೆಯ ವಯಸ್ಸಿನಲ್ಲಿ ನೀನು ಲೀಡ್ಸ್‌ಗೆ ಹೊರಟ ದಿನ ಅಪ್ಪ ಮುನಿಸಿಕೊಂಡು ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ, ನಾನು ಜ್ವರದಲ್ಲಿ ಮಲಗಿದ್ದೆ. ಆ ಹಿಮದಲ್ಲಿ ನಿನ್ನ ಪೆಟ್ಟಿಗೆ ಹೊತ್ತು ನಡೆದವಳು ಅವಳೊಬ್ಬಳೇ. ಮೊದಲ ಚೀಟಿಯಲ್ಲಿ ಇದ್ದ ವಾಕ್ಯವೂ ಅದೇ: ‘ನಮ್ಮ ಆಂಬ್ರೋಸ್‌ನ ಸೇತುವೆ ತನಕ ನಾನೇ ಸೆಟ್ ಮಾಡಿದೆ.’ ಎರಡೂವರೆ ಪುಟವನ್ನು ಎರಡು ಸಲ ಹುಡುಕಿದೆ. ಇಲ್ಲ. ಆ ಒಂದು ಮಾತಿನ ಕೆಳಗೆ ಪಾದ್ರಿಯ ಹೆಸರು ಹಾಕಲು ನಿನ್ನಿಂದ ಆಗಲಿಲ್ಲ, ಅದಕ್ಕೆ ನೀನು ಅದನ್ನೇ ಎಸೆದುಬಿಟ್ಟೆ. ಇಲ್ಲ ಎಂದು ಅವಳಿಗೆ ಹೇಳಿದೆ, ಈ ಸಲ ಸುಳ್ಳು ಹೇಳಲಿಲ್ಲ. ಅವಳು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಆ ಬಿಳಿ ಟೋಪಿ ತೆಗೆದು ಗೂಟಕ್ಕೆ ಹಾಕಿದಳು. ಶನಿವಾರ ಬಾ. ಸ್ಟೇಷನ್ನಿಗೆ ಯಾರೂ ಬರುವುದಿಲ್ಲ, ಸೇತುವೆಯಿಂದ ಅವಳ ಬಾಗಿಲಿಗೆ ಎಷ್ಟು ದೂರ ಎಂದು ಒಬ್ಬನೇ ನಡೆದು ನೋಡು.