ನನ್ನ ಮೊಮ್ಮಗನಿಗೆ ಹಸಿವಿದೆ

ತೋಳು ಅಳೆಯಲು ಬರುವ ಆರೋಗ್ಯ ಕಾರ್ಯಕರ್ತೆಗೆ,

ನಿನಗೆ ಆಶೀರ್ವಾದ ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನಿನ್ನೆ ನೀನು ಮೊಮ್ಮಗನ ತೋಳಿಗೆ ಬಣ್ಣದ ಅಳತೆಪಟ್ಟಿ ಸುತ್ತಿ, "ಕೆಂಪು ಬಂತು, ಮಗು ತೀರಾ ಸೊರಗಿದೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಸೊರಗಿದ ಮಕ್ಕಳಿಗೆಂದು ನೀನು ತರುವ ಪೊಟ್ಟಣದ ಕಡಲೆಕಾಯಿ ಪೇಸ್ಟ್ ತಿಂದರೆ ಮನೆಯಲ್ಲೇ ಚಿಕಿತ್ಸೆಯಂತೆ, ತಿನ್ನದಿದ್ದರೆ ಆಸ್ಪತ್ರೆಯಂತೆ. ಅವನು ಉಗುಳಿದ.

"ಅಜ್ಜಿ, ಬೆಳಗ್ಗೆ ಏನಾದ್ರೂ ತಿಂದಿದ್ನಾ?" ಎಂದು ನೀನು ಕೇಳಿದೆ.

"ನಮ್ಮನೆ ಒಲೆ ಚಿಂತೆ ನಿನಗ್ಯಾಕಮ್ಮ?" ಎಂದು ನಾನು ಗದರಿದೆ.

ಹಸಿವೇ ಸತ್ತಿದೆ ಎಂದು ನೀನು ಆಸ್ಪತ್ರೆಗೆ ಚೀಟಿ ಬರೆದಿಟ್ಟು ಹೋದೆ. ಅದು ಒಂದು ದಿನದ ದಾರಿ. ಈ ಮೈಯಲ್ಲಿ ಅವನು ಅಷ್ಟು ದೂರ ತಾಳುತ್ತಾನೆಯೇ?

ಈಗ ಕೇಳು. ಮಗುವನ್ನು ಉಪವಾಸ ಕೆಡವಿದ್ದಾರೆ ಎಂದು ನಿನ್ನ ಬಾಯಲ್ಲಿ ಅನ್ನಿಸಿಕೊಳ್ಳಬಾರದೆಂದು, ನಿನ್ನೆ ನೀನು ಬರುವ ಮೊದಲು ನಾನೇ ಬಟ್ಟಲು ತುಂಬ ಗಂಜಿ ಕುಡಿಸಿದ್ದೆ. ಹೊಟ್ಟೆ ತುಂಬಿದ್ದಕ್ಕೇ ಅವನು ಉಗುಳಿದ್ದು. ಸೊಸೆಗೆ ಇದು ಗೊತ್ತಿಲ್ಲ. ಹೇಳಿದರೆ ನನ್ನ ಹೊಸ್ತಿಲು ತುಳಿಯಬೇಡ. ಇವತ್ತು ಖಾಲಿ ಹೊಟ್ಟೆಗೆ, ನೀನು ಬಿಟ್ಟುಹೋದ ಅದೇ ಪೇಸ್ಟ್ ಕೊಟ್ಟರೆ ಪೂರ್ತಿ ನೆಕ್ಕಿ, ನನ್ನ ಬೆರಳನ್ನೂ ಕಚ್ಚಿದ.

ನಾಳೆ ಬೆಳಗ್ಗೆ ಬಂದು ನೀನೇ ತಿನ್ನಿಸಿ ನೋಡು, ಆ ಚೀಟಿ ಹರಿ. ನೀನು ಬರುವವರೆಗೆ ಅವನಿಗೆ ಏನೂ ಕೊಡುವುದಿಲ್ಲ. ಅದಕ್ಕೇ ಬೇಗ ಬಾ. ಮಗು ಹಸಿದು ಅಳುವಾಗ ಸುಮ್ಮನೆ ಕೂತು ನನಗೆ ರೂಢಿಯಿಲ್ಲ.

ಇಂತಿ,
ಮಗುವಿನ ಅಜ್ಜಿ