ಬಂದವರಿಗೆ ಮೊದಲು ಬಿಸಿನೀರು

ಮೇ ೧೯, ಭಾನುವಾರ

ಪ್ರೀತಿಯ ತಮ್ಮ ಕುಳ್ಳನಿಗೆ,

ಅಣ್ಣನ ಆಶೀರ್ವಾದ. ನಾವಿಲ್ಲಿ ಹೇಗೋ ಇದ್ದೇವೆ. ನೀನು, ನಿನ್ನ ಹೆಂಡತಿ, ಮಕ್ಕಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಎರಡು ಸಲ ಬರೆದಿದ್ದೆ. ಎರಡು ಸಲವೂ ನಿನ್ನ ಅತ್ತಿಗೆ ಓದಿ ಒಲೆಗೆ ಹಾಕಿದಳು. "ಇದು ತಮ್ಮನಿಗೆ ಬರೆಯೋ ಕಾಗದಾನಾ, ಪೊಲೀಸ್ ಕಂಪ್ಲೇಂಟಾ?" ಅಂದಳು. ಈಗ ಅವಳು ಮಾರ್ಕೆಟ್ಟಿಗೆ ಹೋಗಿದ್ದಾಳೆ, ಬರುವುದರೊಳಗೆ ಮುಗಿಸಬೇಕು. ಅರ್ಧಕ್ಕೇ ಸ್ಕೂಲು ಬಿಟ್ಟವನ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು. ಕೋಪ ಇದ್ದ ಕಡೆ ಮಾತ್ರ ತಿದ್ದಬೇಡ, ಅದು ಸರಿಯಾಗೇ ಇದೆ.

ಸುದ್ದಿ ನಿನಗೆ ಗೊತ್ತೇ ಇರುತ್ತದೆ. ನಮ್ಮ ತಂಡ ಮುಚ್ಚಿತು. ನಾನು ಇಷ್ಟು ವರ್ಷ ಹುಲ್ಲು ಕತ್ತರಿಸಿ ಸುಣ್ಣದ ಗೆರೆ ಎಳೆದ ಮೈದಾನದ ಗೇಟಿಗೆ ಸರಪಳಿ ಬಿತ್ತು. ಗೋಲ್ ಕಂಬ ಕಿತ್ತು ಗೋಡೆಗೆ ಒರಗಿಸಿದ್ದಾರೆ. ಬಟ್ಟೆ ಒಗೆಯುವ ಅಕ್ಕ ಜರ್ಸಿಗಳನ್ನೆಲ್ಲ ಕೊನೇ ಸಲ ಒಗೆದು, ಇಸ್ತ್ರಿ ಹಾಕಿ, ಯಾರಿಗೆ ಕೊಡಬೇಕೋ ಗೊತ್ತಾಗದೆ ನನ್ನ ಕೋಣೆಯಲ್ಲಿಟ್ಟು ಹೋದಳು. ನಂಬರಿನ ಪ್ರಕಾರ ಜೋಡಿಸಿದ್ದಾಳೆ, ಪಾಪ.

ಲೀಗಿನ ಸಭೆಯಲ್ಲಿ ನೀನು ಮಾತಾಡಿದ್ದನ್ನು ಟಿವಿಯಲ್ಲಿ ನೋಡಿದೆ. ಸೂಟು ಒಪ್ಪುತ್ತಿತ್ತು. ದೊಡ್ಡ ತಂಡದ ಕಾರ್ಯದರ್ಶಿ ಅಂದರೆ ಹಾಗೇ ಇರಬೇಕು. ಆದರೆ ನೀನು ಆಡಿದ ಮಾತು ನನಗೆ ಜೀರ್ಣವಾಗಿಲ್ಲ ಕಣೋ.

ಅದಕ್ಕೆ ಮುಂಚೆ ಏನಿತ್ತು? ಟಿವಿಯವರು ಇಡೀ ಲೀಗಿನ ಆಟಕ್ಕೆಲ್ಲ ಸೇರಿಸಿ ದುಡ್ಡು ಕೊಡುತ್ತಿದ್ದರು. ಅದು ಒಂದೇ ಪೆಟ್ಟಿಗೆಗೆ ಬಿದ್ದು, ಗೆದ್ದವರಿಗೂ ಸೋತವರಿಗೂ ಸಮಪಾಲು ಆಗುತ್ತಿತ್ತು. ಟಿಕೆಟ್ಟಿನ ದುಡ್ಡು ಮಾತ್ರ ಯಾರ ಮೈದಾನವೋ ಅವರದು. ನಿಮ್ಮದು ದೊಡ್ಡ ಮೈದಾನ, ಇಟ್ಟುಕೊಳ್ಳಿ, ನಾವು ಯಾವತ್ತೂ ಕಣ್ಣು ಹಾಕಲಿಲ್ಲ. ನಮ್ಮ ಟಿಕೆಟ್ಟಿನ ದುಡ್ಡಲ್ಲಿ ಚೆಂಡಿಗೆ ಗಾಳಿ ಹೊಡೆಸಬಹುದು, ಅಷ್ಟೇ. ನಾವು ಉಸಿರಾಡಿದ್ದು ಆ ಪಾಲಿನಿಂದ. ನೀನು ಎದ್ದು ನಿಂತು, "ಜನ ಯಾರ ಆಟ ನೋಡ್ತಾರೋ ಅವರಿಗೆ ಹೆಚ್ಚು ಪಾಲು ಸಿಗಬೇಕು" ಅಂದೆ. ದೊಡ್ಡ ತಂಡದವರೆಲ್ಲ ಕೈ ಎತ್ತಿದರು, ಪಾಸಾಯಿತು. ಪಾಲು ಇಳಿದ ಕೂಡಲೇ ನಮ್ಮ ಒಳ್ಳೆಯ ಆಟಗಾರರನ್ನು ನಿಮ್ಮವರೇ ಹೊತ್ತುಕೊಂಡು ಹೋದರು. ಅವರಿಲ್ಲದೆ ಸೋತೆವು. ಸೋಲುವವರ ಆಟ ಯಾರು ನೋಡುತ್ತಾರೆ? ನೋಡುವವರಿಲ್ಲ ಅಂತ ಪಾಲು ಇನ್ನೂ ಇಳಿಯಿತು. ಬಾವಿಗೆ ಬಿದ್ದವನಿಗೆ, "ಮೊದಲು ಮೇಲೆ ಬಾ, ಆಮೇಲೆ ಹಗ್ಗ ಕೊಡ್ತೀವಿ" ಅಂದ ಹಾಗಾಯಿತು.

ಅಲ್ಲವೋ, ಒಂದು ಆಟಕ್ಕೆ ಎರಡು ತಂಡ ಬೇಕು ತಾನೇ? ನೀವೊಬ್ಬರೇ ಗೋಡೆಗೆ ಚೆಂಡು ಒದೀತಾ ನಿಂತರೆ ಟಿವಿಯವರು ಕ್ಯಾಮೆರಾ ತಗೊಂಡು ಬರ್ತಾರಾ?

ನಿನ್ನ ಮಾತು ಪೂರ್ತಿ ಸುಳ್ಳು ಅನ್ನುವುದಿಲ್ಲ. ಅವತ್ತು ಫೋನಿನಲ್ಲಿ ಅಂದೆಯಲ್ಲ, "ನಿಮ್ಮ ಮಾಲೀಕ ಪಾಲು ಇಸ್ಕೊಂಡು ಹೊಸ ಕಾರು ತಗೊಂಡ, ಒಬ್ಬ ಆಟಗಾರನನ್ನೂ ತಗೊಳ್ಳಲಿಲ್ಲ. ಅವನನ್ನು ನಾವ್ಯಾಕಣ್ಣ ಸಾಕಬೇಕು?" ಅಂತ. ನಿಜ. ಅವನು ನುಂಗುಬಾಕ. ಹಾಗಾದರೆ ಪಾಲಿನ ದುಡ್ಡು ಆಟಗಾರರಿಗೇ ಖರ್ಚಾಗಬೇಕು ಅಂತ ನಿಯಮ ಮಾಡಿ ಅವನ ಕಿವಿ ಹಿಂಡಬೇಕಿತ್ತು. ಒಬ್ಬ ಕದ್ದು ತಿಂದ ಅಂತ ಮನೆಯ ಒಲೆಯನ್ನೇ ಒಡೀತಾರಾ?

ಅಮ್ಮ ಹಣ್ಣು ಹಂಚಿಸುತ್ತಿದ್ದದ್ದು ನೆನಪಿದೆಯಾ? ಕೊಯ್ದವನು ಕೊನೆಗೆ ತೆಗೆದುಕೊಳ್ಳಬೇಕು. ಚಾಕು ನಿನ್ನ ಕೈಗೆ ಬಂದರೆ ನೀನು ಒಂದು ಕಣ್ಣು ಮುಚ್ಚಿ ಅಳತೆ ನೋಡಿ ಕೊಯ್ಯುತ್ತಿದ್ದೆ, ಎರಡು ಹೋಳಿಗೂ ಕೂದಲೆಳೆ ವ್ಯತ್ಯಾಸ ಇರುತ್ತಿರಲಿಲ್ಲ. ಆ ಸಭೆಯಲ್ಲಿ ಚಾಕುವೂ ನಿಮ್ಮ ಕೈಯಲ್ಲೇ, ಮೊದಲ ಹೋಳೂ ನಿಮಗೇ.

ನಾನು ಅಮ್ಮನ ನಿಯಮವನ್ನು ಮೈದಾನಕ್ಕೂ ತಂದಿದ್ದೆ. ನಮ್ಮ ಬಾಯ್ಲರ್ ಚಿಕ್ಕದು, ಕಾದ ನೀರು ಒಂದು ತಂಡಕ್ಕೆ ಮಾತ್ರ ಸಾಲುತ್ತದೆ. ಬಂದ ತಂಡದ್ದು ಮೊದಲ ಸ್ನಾನ, ನಮ್ಮವರದು ಆಮೇಲೆ. ಕೊನೆಯ ಆಟ ನಿಮ್ಮ ಮೇಲೇ ಬಿತ್ತು. ಅವತ್ತೂ ಹಾಗೇ ಮಾಡಿದೆ. ನಮ್ಮ ಗೋಲ್‌ಕೀಪರ್ ನಲ್ಲಿಯ ಕೆಳಗೆ ನಿಂತು ಕಿರುಚಿದ: "ತಾತಾ, ಸೋತಿದ್ದೂ ನಾವೇ, ತಣ್ಣೀರೂ ನಮಗೇನಾ? ಇವತ್ತೊಂದಿನ ಉಲ್ಟಾ ಮಾಡಬಾರದಿತ್ತಾ?"

"ಬಾಯಿ ಮುಚ್ಕೊಂಡು ಮೈ ತೊಳ್ಕೊಳ್ಳೋ. ಬಂದಿರೋದು ನನ್ನ ತಮ್ಮನ ತಂಡ" ಅಂದೆ.

"ಹಾಗಾದ್ರೆ ನೀವೂ ಅವರ ಜೊತೇಲೇ ಹೊರಟುಬಿಡಿ ತಾತಾ, ಬಸ್ಸಲ್ಲಿ ಸೀಟು ಇರತ್ತೆ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನೀರಿನ ಸದ್ದು ನಿಂತಿತು, ಆದರೆ ಅವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಾಗಿಲು ಬಡಿಯೋಣ ಅಂದುಕೊಂಡವನು ಬಾಯ್ಲರ್ ಆರಿಸಲು ಹೋದೆ.

ನನ್ನ ಚಿಂತೆ ಬೇಡ. ಪಾರ್ಕಿನಲ್ಲಿ ಹುಲ್ಲು ಕತ್ತರಿಸಲು ಕರೆದಿದ್ದಾರೆ. ಅಲ್ಲಿ ಗೆರೆ ಇಲ್ಲ, ಎಲ್ಲಿಗೆ ನಿಲ್ಲಿಸಬೇಕೋ ಗೊತ್ತಾಗುವುದಿಲ್ಲ. ಅಭ್ಯಾಸವಾಗುತ್ತದೆ.

ಬೈದಿದ್ದೇನೆ, ಶಾಪ ಹಾಕಿಲ್ಲ. ನಿಮ್ಮ ತಂಡಕ್ಕೆ ಈ ಸಲದ ಕಪ್ ಬರಲಿ. ನಿನಗೆ ಒಳ್ಳೆಯ ಆರೋಗ್ಯ ಇರಲಿ, ಮಕ್ಕಳು ನಿನಗಿಂತ ಉದ್ದ ಬೆಳೆಯಲಿ.

ಇಂತಿ,
ನಿನ್ನ ಅಣ್ಣ

ತಾ.ಕ.: ಆ ಕೊನೆಯ ಆಟದ ದಿನ ಹೊರಡುವ ಮುಂಚೆ ನೀವು ದೊಡ್ಡವರೆಲ್ಲ ಬಂದು, ಸಾಲಾಗಿ ನಿಂತಿದ್ದ ನಮ್ಮ ಕೆಲಸದವರ ಕೈ ಕುಲುಕಿದಿರಿ. ನಿನ್ನ ಪಕ್ಕ ಲೀಗಿನ ಅಧ್ಯಕ್ಷರಿದ್ದರು. ಬಟ್ಟೆ ಒಗೆಯುವ ಅಕ್ಕನ ಪಕ್ಕ ನಾನಿದ್ದೆ. ನೀನು ನನ್ನ ಕೈ ಹಿಡಿದು, "ಥ್ಯಾಂಕ್ಸ್ ಯಜಮಾನ್ರೇ, ಬಿಸಿನೀರು ಚೆನ್ನಾಗಿತ್ತಂತೆ" ಅಂದು ಮುಂದಕ್ಕೆ ಹೋದೆ. ಕುಳ್ಳಾ ಅಂತ ಕರೆಯೋಣ ಅಂದುಕೊಂಡೆ, ಬಾಯಿಗೆ ಬರಲಿಲ್ಲ. ಅಕ್ಕ ನನ್ನ ಮುಖ ನೋಡಲಿಲ್ಲ, ಮಡಚಿದ ಟವೆಲನ್ನೇ ಮತ್ತೆ ಮಡಚುತ್ತಾ ನಿಂತಳು. ನಾನು ಟೋಪಿ ಹಾಕಿದ್ದೆ. ಕಣ್ಣಿನ ಆಪರೇಷನ್ ಆದ ಮೇಲೆ ಕಪ್ಪು ಕನ್ನಡಕ ಬೇರೆ. ಇಳಿದೂ ಹೋಗಿದ್ದೇನೆ. ನಿನ್ನ ಅತ್ತಿಗೆ ಕೇಳಿದ್ದಕ್ಕೆ, ತಮ್ಮ ತಬ್ಬಿಕೊಂಡು ಮಾತಾಡಿಸಿದ ಅಂದಿದ್ದೇನೆ. ಗುರುತು ಸಿಗಲಿಲ್ಲ ಅಂತ ಒಂದು ಸಾಲು ಬರೆದು ಹಾಕು. ನಂಬುತ್ತೇನೆ.